ಬ್ಯಾಂಕ್ ಖಾತೆ ಮತ್ತು ಹಣ ಪಾವತಿಯ ಕ್ರಮ ಬದಲಾಗುತ್ತಿರುವ ಬಗ್ಗೆ ನಮ್ಮ ಗ್ರಾಹಕರಿಗೆ ಪತ್ರ

ಸಾಗರ
ಮಾರ್ಚ್ 2026

ಮಾನ್ಯ ಗ್ರಾಹಕರೇ,

ನಮಸ್ಕಾರ. ನಮ್ಮ ಮಹಿಳಾ ಹಪ್ಪಳ ಉತ್ಪಾದಕರ ಸಹಕಾರ ಸಂಘದ ಹಣಕಾಸಿನ ವ್ಯವಹಾರವೆಲ್ಲ ಈವರೆಗೆ ನಡೆದುಬಂದ ಚಾಲ್ತಿ ಖಾತೆಯನ್ನು ಬಿಟ್ಟು, ಬರುವ ಏಪ್ರಿಲ್ 1ರಿಂದ ಬೇರೊಂದು ಬ್ಯಾಂಕಿನ ಖಾತೆಯಲ್ಲಿ ವ್ಯವಹರಿಸಲು ಆಡಳಿತ ಮಂಡಳಿ ತೀರ್ಮಾನಿಸಿದೆ. ಇದರ ಜೊತೆಗೆ, ತಮ್ಮ ಅಂಗಡಿಗಳಿಗೆ ಹಪ್ಪಳ ತಲುಪಿಸುವ ಲೈನ್ ಗಾಡಿಯಲ್ಲಿ ನಗದು ಪಡೆಯುವ ಕ್ರಮವೂ ಸ್ವಲ್ಪ ಬದಲಾಗುತ್ತದೆ. ಹಪ್ಪಳದ ದರ ಬದಲಾಗುವುದಿಲ್ಲ. ಕಳೆದ ಎರಡು ತಿಂಗಳಿಂದ ನಮ್ಮ ಹುಡುಗರು ನಗದಿನ ವಿಷಯ ಎತ್ತಿದಾಗಲೆಲ್ಲ ತಮ್ಮಲ್ಲಿ ಹಲವರು “ದುಡ್ಡು ಕೊಡುತ್ತೇವೆಂದರೂ ಬೇಡ ಅನ್ನುವ ಸಂಘ ಇದೆಂಥದ್ದು” ಎಂದು ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದದ್ದೇ ಆದ್ದರಿಂದ ಉತ್ತರವನ್ನು ಬಿಡಿಸಿ ಬರೆಯುತ್ತಿದ್ದೇವೆ.

ಜನವರಿ ಮೊದಲ ವಾರ ಬ್ಯಾಂಕಿನ ಸ್ಟೇಟ್‌ಮೆಂಟನ್ನು ದಿನದಿನದ ಲೆಕ್ಕ ಬರೆಯುವ ನಮ್ಮ ರೋಜು ಪುಸ್ತಕದೊಂದಿಗೆ ತಾಳೆ ಹಾಕುತ್ತಿದ್ದಾಗ ಡಿಸೆಂಬರ್ ತಿಂಗಳ ಲೆಕ್ಕದಲ್ಲಿ 3,422 ರೂಪಾಯಿ ಕಡಿಮೆ ಬಂತು. ಹುಡುಕಿದಾಗ ಸಿಕ್ಕಿದ್ದು ಎರಡು ಕಡಿತಗಳು: ಸರಾಸರಿ ಶಿಲ್ಕು (ಖಾತೆಯಲ್ಲಿ ಉಳಿದಿರುವ ಹಣ) ಸಾಲದೆಂದು 1,770 ರೂಪಾಯಿ, ಮಿತಿ ಮೀರಿ ನಗದು ಕಟ್ಟಿದ್ದಕ್ಕೆ 1,652 ರೂಪಾಯಿ. ವಿಚಾರಿಸಿದಾಗ, ಅಕ್ಟೋಬರ್ 1ರಿಂದಲೇ ಚಾಲ್ತಿ ಖಾತೆಯ ಷರತ್ತುಗಳು ಬದಲಾಗಿವೆ, ಸಂದೇಶ ಕಳಿಸಿದ್ದೇವೆ ಎಂಬ ಉತ್ತರ ಬಂತು. ಸಂದೇಶವೇನೋ ಬಂದಿತ್ತು. ಸಂಘದ ಹಳೆಯ ಕೀಪ್ಯಾಡ್ ಫೋನಿಗೆ ಬಂದ ಎರಡು ಸಾಲಿನ ಇಂಗ್ಲಿಷ್ ಸಂದೇಶ ಅದು. ವಿವರಕ್ಕೆ ಲಿಂಕ್ ಒತ್ತಬೇಕು ಎಂದಿತ್ತು, ಆ ಫೋನಿನಲ್ಲಿ ಒತ್ತಿದರೆ ಏನೂ ತೆರೆಯುವುದಿಲ್ಲ. ಖಾತೆ ತೆರೆದಾಗ ಸಹಿ ಹಾಕಿದ ಅರ್ಜಿಯಲ್ಲಿ, ಷರತ್ತುಗಳನ್ನು ಕಾಲಕಾಲಕ್ಕೆ ಬದಲಾಯಿಸುವ ಹಕ್ಕು ಬ್ಯಾಂಕಿನದು ಎಂದು ಬರೆದಿರುವುದು ನಿಜ. ಆ ಹಕ್ಕನ್ನು ನಾವು ಪ್ರಶ್ನಿಸುತ್ತಿಲ್ಲ. ಇಷ್ಟು ವರ್ಷದ ಗ್ರಾಹಕರಿಗೆ ಕೌಂಟರಿನ ಪಕ್ಕ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿದ್ದರೂ ಸಾಕಿತ್ತು ಎಂಬುದಷ್ಟೇ ನಮ್ಮ ಬೇಸರ.

ಈಗ ಶಿಲ್ಕಿನ ವಿಷಯ. ಮೊದಲೂ ಒಂದು ಲಕ್ಷ ರೂಪಾಯಿ ಸರಾಸರಿ ಇರಬೇಕಿತ್ತು, ಈಗಲೂ ಒಂದು ಲಕ್ಷವೇ. ಬದಲಾಗಿರುವುದು ಒಂದೇ ಪದ: “ತ್ರೈಮಾಸಿಕ” ಎಂದಿದ್ದಲ್ಲಿ “ಮಾಸಿಕ” ಎಂದಾಗಿದೆ. “ಮೊತ್ತ ಏರಿಸಿಲ್ಲವಲ್ಲ” ಎಂದು ಶಾಖೆಯಲ್ಲಿ ನಮಗೆ ಸಮಾಧಾನ ಹೇಳಿದರು. ಆದರೆ ಹಪ್ಪಳದ ಕಸುಬಿಗೆ ಆ ಒಂದು ಪದವೇ ಸಾಕು. ಸರಾಸರಿ ಎಂದರೆ ಪ್ರತಿದಿನದ ಕೊನೆಗೆ ಖಾತೆಯಲ್ಲಿ ಉಳಿದ ಹಣವನ್ನೆಲ್ಲ ಕೂಡಿಸಿ ದಿನಗಳ ಸಂಖ್ಯೆಯಿಂದ ಭಾಗಿಸುವುದು. ನಮ್ಮ ವರ್ಷದ ಮುಖ್ಯ ದುಡಿಮೆ ಬಿಸಿಲಿರುವಾಗಲೇ ಮುಗಿಯಬೇಕು; ಏಪ್ರಿಲ್, ಮೇ ತಿಂಗಳಲ್ಲಿ ಹಲಸಿನಕಾಯಿ ಕೊಳ್ಳಬೇಕು, ಉದ್ದು ಕೊಳ್ಳಬೇಕು, ಹಪ್ಪಳ ಒತ್ತುವ ಸದಸ್ಯೆಯರಿಗೆ ವಾರಕ್ಕೊಮ್ಮೆ ಕೂಲಿ ಕೊಡಬೇಕು. ಆಗ ಹಣ ಖಾತೆಯಲ್ಲಿ ನಿಲ್ಲುವುದಿಲ್ಲ, ಚಾಪೆಯ ಮೇಲೆ ಒಣಗುತ್ತಿರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದು, ಅಂಗಡಿಗಳವರು ಮಳೆಗಾಲಕ್ಕೆಂದು ಸರಕು ತುಂಬಿಸಿಕೊಂಡಾಗ ಅದು ಮರಳಿ ಬರುತ್ತದೆ.

ಕಳೆದ ವರ್ಷದ ನಮ್ಮದೇ ಲೆಕ್ಕವನ್ನು ಹೊಸ ಷರತ್ತಿಗೆ ಹಚ್ಚಿ ನೋಡಿದೆವು. ಏಪ್ರಿಲ್‌ನ ಮೊದಲ 10 ದಿನ ಖಾತೆಯಲ್ಲಿ ಹೆಚ್ಚುಕಡಿಮೆ 1,80,000 ರೂಪಾಯಿ, ಉಳಿದ 20 ದಿನ ಸುಮಾರು 15,000 ರೂಪಾಯಿ, ಸರಾಸರಿ 70,000. ಮೇ ತಿಂಗಳ ಸರಾಸರಿ 40,000. ಜೂನ್‌ನಲ್ಲಿ ಎರಡು ಲಕ್ಷ. ಮೂರು ತಿಂಗಳನ್ನು ಒಟ್ಟು ಸೇರಿಸಿದರೆ 91 ದಿನಗಳ ಸರಾಸರಿ 1,02,000 ದಾಟುತ್ತದೆ, ದಂಡವಿಲ್ಲ. ತಿಂಗಳು ತಿಂಗಳಿಗೆ ಕತ್ತರಿಸಿದರೆ ಅದೇ ಹಣಕ್ಕೆ ಎರಡು ಸಲ ದಂಡ. ದಂಡ ತಪ್ಪಿಸಲು ಸುಗ್ಗಿಯ ಹೊತ್ತಿನಲ್ಲೇ ಒಂದು ಲಕ್ಷವನ್ನು ಮುಟ್ಟದೆ ಇಡೋಣವೆಂದರೆ, ಚಾಲ್ತಿ ಖಾತೆಯ ಹಣಕ್ಕೆ ಬಡ್ಡಿ ಇಲ್ಲ. ಇತ್ತ ಉದ್ದಿನ ವ್ಯಾಪಾರಿಯಿಂದ ಉದ್ರಿ ತಂದರೆ ಅವರು ಬಡ್ಡಿ ಸೇರಿಸಿಯೇ ದರ ಹೇಳುತ್ತಾರೆ.

ದಂಡ 1,500 ರೂಪಾಯಿ, ಅದರ ಮೇಲೆ ಶೇ. 18ರ ಜಿಎಸ್‌ಟಿ 270 ರೂಪಾಯಿ. ಬೇರೆ ಸರಕು ಮಾರುವವರು ಇಂಥ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಹಪ್ಪಳಕ್ಕೆ ತೆರಿಗೆ ವಿನಾಯಿತಿ ಇರುವುದರಿಂದ ನಮಗೆ ಆ ದಾರಿಯಿಲ್ಲ. ವಿನಾಯಿತಿಯೂ ಹೀಗೊಂದು ಕಡೆಯಿಂದ ಕಚ್ಚುತ್ತದೆ.

ಉಳಿತಾಯ ಖಾತೆಯಾದರೆ ಶಿಲ್ಕು ಎಷ್ಟು ಕಡಿಮೆಯಾಗಿದೆಯೋ ಅದಕ್ಕೆ ತಕ್ಕಷ್ಟೇ ದಂಡ ಹಾಕಬೇಕು, ಮೊದಲು ತಿಳಿಸಿ ಒಂದು ತಿಂಗಳ ಅವಕಾಶ ಕೊಡಬೇಕು ಎಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಸುತ್ತೋಲೆ ಹೊರಡಿಸಿದೆ. ಅದು ಉಳಿತಾಯ ಖಾತೆಗೆ ಮಾತ್ರ ಅನ್ವಯ. 2025ರಲ್ಲಂತೂ ಹಲವು ಸರ್ಕಾರಿ ಬ್ಯಾಂಕುಗಳು ಉಳಿತಾಯ ಖಾತೆಯ ಕನಿಷ್ಠ ಶಿಲ್ಕಿನ ದಂಡವನ್ನೇ ತೆಗೆದುಹಾಕಿದವು. ಹಾಗಿದ್ದರೆ ಸಂಘವೂ ಉಳಿತಾಯ ಖಾತೆಗೆ ಹೋಗಲಿ ಎಂದು ಕೆಲವರು ಸಲಹೆ ಕೊಟ್ಟಿದ್ದೀರಿ. ವ್ಯಾಪಾರದ ವಹಿವಾಟಿಗೆ ಉಳಿತಾಯ ಖಾತೆ ಕೊಡಬಾರದೆಂಬುದು ನಿಯಮ. “ಕಾರ್ಯದರ್ಶಿಯವರ ಫೋನ್‌ಪೇಗೇ ಹಾಕಿಬಿಡುತ್ತೇವೆ” ಎಂದವರೂ ಇದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಸಂಘದ ಒಂದು ರೂಪಾಯಿ ವೈಯಕ್ತಿಕ ಖಾತೆಗೆ ಬಂದರೂ ಆಡಿಟ್ ದಿನ ನಾನು ಉತ್ತರ ಹೇಳಬೇಕಾಗುತ್ತದೆ, ಹೇಳಿದರೂ ಯಾರೂ ನಂಬುವುದಿಲ್ಲ.

ಎರಡನೆಯ ಕಡಿತ ನಗದಿನದು. ಮೊದಲು ತಿಂಗಳಿಗೆ ಹತ್ತು ಲಕ್ಷದವರೆಗೆ ಉಚಿತವಾಗಿ ನಗದು ಕಟ್ಟಬಹುದಿತ್ತು, ಈಗ ಎರಡು ಲಕ್ಷ; ಮೀರಿದ್ದಕ್ಕೆ ಸಾವಿರಕ್ಕೆ ನಾಲ್ಕು ರೂಪಾಯಿ ಮತ್ತು ಜಿಎಸ್‌ಟಿ. ಡಿಸೆಂಬರ್‌ನಲ್ಲಿ ನಾವು ಕಟ್ಟಿದ್ದು ಐದೂವರೆ ಲಕ್ಷ. ಅದರ ಹಿಂದಿನ ವರ್ಷ ಇಷ್ಟು ನಗದು ಬರುತ್ತಿರಲಿಲ್ಲ. ಕಳೆದ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದೂ, ಬೆಂಗಳೂರಿನಿಂದ ಶುರುವಾಗಿ ಅಂಗಡಿ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು “ನಗದು ಮಾತ್ರ” ಎಂಬ ಚೀಟಿ ಬಿದ್ದಿದ್ದೂ ತಮಗೆ ಗೊತ್ತು. ತಮಗೆ ನಗದಾಗಿ ಬಂದದ್ದು ನಮಗೂ ನಗದಾಗಿಯೇ ಬಂತು. ತಮ್ಮ ಅಂಜಿಕೆಯನ್ನು ನಾವು ತಪ್ಪೆನ್ನುವುದಿಲ್ಲ. ಆದರೆ ಆ ನೋಟಿಸ್‌ಗಳು ನೋಡಿದ್ದು ಅಂಗಡಿಗೆ ಬಂದ ಹಣವನ್ನು. ತಾವು ನಮಗೆ ಕೊಡುವುದು ತಮ್ಮ ಖರೀದಿ. ನಮ್ಮ ಬಿಲ್ಲಿನ ಜೊತೆ ಅದು ಬ್ಯಾಂಕ್ ಮೂಲಕ ಹೋದರೆ ತಮ್ಮ ಲೆಕ್ಕಕ್ಕೆ ಆಧಾರವೇ ಆಗುತ್ತದೆ.

ನಗದು ಕಟ್ಟುವುದೆಂದರೆ ಏನೆಂದು ಒಮ್ಮೆ ನೋಡಬೇಕು. ಸೋಮವಾರ ಬೆಳಿಗ್ಗೆ ನಮ್ಮ ಲೆಕ್ಕದ ಹುಡುಗಿ ಹಿಂದಿನ ವಾರದ ಲೈನ್ ದುಡ್ಡನ್ನು ಚಾಪೆಯ ಮೇಲೆ ಸುರಿದುಕೊಂಡು ಹತ್ತು, ಇಪ್ಪತ್ತು, ಐವತ್ತರ ನೋಟುಗಳನ್ನು ಬೇರೆ ಬೇರೆ ಮಾಡಿ, ಮಡಿಕೆ ಬಿಡಿಸಿ, ನೂರರ ಕಂತೆಗೆ ರಬ್ಬರ್ ಬ್ಯಾಂಡ್ ಹಾಕುತ್ತಾಳೆ. ಬೋಂಡ, ಬಜ್ಜಿ ಕರಿಯುವ ಅಂಗಡಿಗಳಿಂದ ಬಂದ ನೋಟುಗಳು ಎಣ್ಣೆಗೆ ಒಂದಕ್ಕೊಂದು ಅಂಟಿರುತ್ತವೆ. ಎಣಿಸುವ ಯಂತ್ರ ಎರಡನ್ನು ಒಂದೆಂದು ನುಂಗಿ, ತಡವರಿಸಿ ನಿಂತುಬಿಡುತ್ತದೆ. ಕ್ಯಾಷಿಯರ್ ಕಂತೆಯನ್ನು ಗಾಜಿನ ಕಿಂಡಿಯಿಂದ ಹೊರಗೆ ತಳ್ಳುತ್ತಾರೆ, ಇವಳು ಮತ್ತೆ ಎಣಿಸಿ ಒಳಗೆ ತಳ್ಳುತ್ತಾಳೆ. ಮಧ್ಯಾಹ್ನದ ಊಟದ ಹೊತ್ತಿಗೆ ಚಲನ್‌ಗೆ ಸೀಲು ಬೀಳುತ್ತದೆ. ಇಷ್ಟಾದ ಮೇಲೆ ಸಾವಿರಕ್ಕೆ ನಾಲ್ಕು ರೂಪಾಯಿ ಎಂದರೆ ಅವಳಿಗೆ ಹೇಗಾಗಬೇಡ! ಆ 1,652 ರೂಪಾಯಿ ಹಪ್ಪಳ ಒತ್ತುವ ನಾಲ್ವರು ಸದಸ್ಯೆಯರ ಒಂದು ದಿನದ ಕೂಲಿ.

ನಾವು ಲಿಖಿತ ದೂರು ಕೊಟ್ಟೆವು. ಮುನ್ಸೂಚನೆ ಸರಿಯಾಗಿ ತಲುಪಿರಲಿಲ್ಲವೆಂದು ಒಪ್ಪಿ ಶಿಲ್ಕಿನ ದಂಡವನ್ನು ಒಂದು ಬಾರಿಗೆ ಮರಳಿಸಿದರು. ಷರತ್ತು ಮಾತ್ರ ಹಾಗೇ ಉಳಿಯಿತು. ಬ್ಯಾಂಕುಗಳ ಮೇಲಿನ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿ ಹೋಗುವ ಯೋಚನೆಯೂ ಇತ್ತು. ಆದರೆ ಬ್ಯಾಂಕಿನ ವಾಣಿಜ್ಯ ತೀರ್ಮಾನಗಳು ಅವರ ವ್ಯಾಪ್ತಿಗೆ ಬರುವುದಿಲ್ಲ. ಶಾಖೆಯ ವ್ಯವಸ್ಥಾಪಕರೊಂದಿಗೆ ಜಗಳ ಮುಂದುವರಿಸುವುದಂತೂ ಅರ್ಥವಿಲ್ಲದ್ದು, ಏಕೆಂದರೆ ಅವರು ಬರೆದ ಷರತ್ತು ಇದಲ್ಲ.

ಹೊಸ ಖಾತೆ ಊರಿನ ಒಂದು ಸಹಕಾರಿ ಬ್ಯಾಂಕಿನದು. ಅಲ್ಲಿ ಇಡಬೇಕಾದ ಶಿಲ್ಕು ಕಡಿಮೆ, ನಗದಿನ ಮಿತಿ ಐದು ಲಕ್ಷ. ಸಹಕಾರಿ ಬ್ಯಾಂಕೆಂದ ಕೂಡಲೇ “ಭದ್ರವೇ?” ಎಂದು ನಮ್ಮ ಸದಸ್ಯೆಯರೇ ಮೊದಲು ಕೇಳಿದರು. ಬ್ಯಾಂಕ್ ಮುಳುಗಿದರೆ ಗ್ರಾಹಕರಿಗೆ ಸಿಗುವ ಠೇವಣಿ ವಿಮೆ 2020ರ ಫೆಬ್ರುವರಿಯಿಂದ ಒಂದು ಲಕ್ಷದ ಬದಲು ಐದು ಲಕ್ಷಕ್ಕೆ ಏರಿದೆ, ಸಹಕಾರಿ ಬ್ಯಾಂಕುಗಳಿಗೂ ಅನ್ವಯಿಸುತ್ತದೆ. ಅಲ್ಲಿ ಐದು ಲಕ್ಷಕ್ಕಿಂತ ಹೆಚ್ಚು ನಿಲ್ಲಿಸುವುದಿಲ್ಲವೆಂದು ಮಂಡಳಿ ಠರಾವು ಮಾಡಿದೆ.

ಈ ಪತ್ರದಲ್ಲಿ ಹೊಸ ಖಾತೆಯ ಸಂಖ್ಯೆಯನ್ನು ಬೇಕೆಂದೇ ಬರೆದಿಲ್ಲ. “ನಮ್ಮ ಖಾತೆ ಬದಲಾಗಿದೆ, ಇನ್ನು ಇಲ್ಲಿಗೆ ಹಾಕಿ” ಎಂಬ ಪತ್ರವೇ ಈಗ ವಂಚಕರ ಹತಾರ. ಸಂಖ್ಯೆ ಮತ್ತು ಹೊಸ ಕ್ಯೂಆರ್ ಹಾಳೆಯನ್ನು ಸಂಘದ ಮುದ್ರೆಯೊಂದಿಗೆ ತಮಗೆ ಪರಿಚಯವಿರುವ ಲೈನ್ ಹುಡುಗರೇ ತಮ್ಮ ಕೈಗೆ ಕೊಡುತ್ತಾರೆ. ವಾಟ್ಸಾಪಿನಲ್ಲಿ ಬಂದ ಸಂಖ್ಯೆಯನ್ನು ನಂಬಬೇಡಿ. ಅನುಮಾನ ಬಂದರೆ ಹಳೆಯ ಬಿಲ್ಲಿನ ಮೇಲಿರುವ ದೂರವಾಣಿಗೇ ಕರೆ ಮಾಡಿ ಕೇಳಿ. ಮೊದಲ ಸಲ ಒಂದು ರೂಪಾಯಿ ಕಳಿಸಿ, ಅದು ನಮಗೆ ಮುಟ್ಟಿದ್ದನ್ನು ಖಚಿತಪಡಿಸಿಕೊಂಡು ಉಳಿದದ್ದು ಕಳಿಸಿದರೂ ನಮಗೆ ಬೇಸರವಿಲ್ಲ. ಖಾತೆಯ ವಿವರ ಹಳತಾದರೆ ಏನಾಗುತ್ತದೆಂಬ ಅನುಭವ ನಮಗಿದೆ: 2019 ಮತ್ತು 2020ರ ಏಪ್ರಿಲ್ 1ರಂದು ವಿಜಯಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳು ವಿಲೀನವಾಗಿ ಕೆಲ ಕಾಲದ ಮೇಲೆ ಶಾಖೆಯನ್ನು ಗುರುತಿಸುವ ಕೋಡ್ ಆದ ಐಎಫ್‌ಎಸ್‌ಸಿ ಬದಲಾದಾಗ, ನಮ್ಮ ಪುಸ್ತಕದಲ್ಲಿ ಹಳೆಯ ಕೋಡನ್ನೇ ಉಳಿಸಿಕೊಂಡು ಕೆಲವರಿಗೆ ಕಳಿಸಿದ ಹಣ ಮರಳಿ ಬಂದಿತ್ತು. ಆ ತಪ್ಪು ನಮ್ಮದು.

ಏಪ್ರಿಲ್ 1ರಿಂದ ಲೈನ್ ಗಾಡಿಯಲ್ಲಿ ಒಂದು ಬಿಲ್ಲಿಗೆ 5,000 ರೂಪಾಯಿವರೆಗೆ ನಗದು ಪಡೆಯುತ್ತೇವೆ. ಹೆಚ್ಚಿನದನ್ನು ಯುಪಿಐ, ಎನ್‌ಇಎಫ್‌ಟಿ (ಖಾತೆಯಿಂದ ಖಾತೆಗೆ ವರ್ಗಾವಣೆ) ಅಥವಾ ಚೆಕ್ ಮೂಲಕ ಕೊಡಬೇಕೆಂದು ಕೋರುತ್ತೇವೆ. ಹೊಸನಗರದ ಆಚೆ ನಿಟ್ಟೂರು, ಬಿದನೂರು ನಗರದ ಕಡೆಯ ಅಂಗಡಿಗಳಲ್ಲಿ ನೆಟ್‌ವರ್ಕ್ ಕೈಕೊಡುವುದು ನಮಗೆ ಗೊತ್ತಿರುವುದರಿಂದ ಆ ಲೈನಿಗೆ ಈ ಮಿತಿ ಇಲ್ಲ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೂ ಸದ್ಯಕ್ಕಿಲ್ಲ. ಕಳೆದ ಜುಲೈನಲ್ಲಿ ಸೇತುವೆಯಾದ ಮೇಲೆ ಲಾಂಚಿಗೆ ಕಾಯದೆ ಗಾಡಿ ನೇರವಾಗಿ ಹೋಗುತ್ತಿದೆ, ಲೈನ್ ಇನ್ನೂ ಹೊಸದು. ತಮ್ಮೂರಿನ ಶಾಖೆಯಲ್ಲಿ ನಮ್ಮ ಖಾತೆಗೆ ನೇರವಾಗಿ ನಗದು ಕಟ್ಟುವುದನ್ನು ಮಾತ್ರ ಎಲ್ಲರೂ ನಿಲ್ಲಿಸಬೇಕು, ಏಕೆಂದರೆ ಹಳೆಯ ಖಾತೆಯಲ್ಲಿ ಬೇರೆ ಶಾಖೆಯ ನಗದಿಗೆ ಪ್ರತ್ಯೇಕ ಶುಲ್ಕವಿದೆ, ಹೊಸ ಬ್ಯಾಂಕಿಗೆ ತಮ್ಮೂರಿನಲ್ಲಿ ಶಾಖೆಯೇ ಇರಲಾರದು.

ಚೆಕ್ ಕೊಡುವವರಲ್ಲಿ ಒಂದು ಮಾತು. 2025ರ ಅಕ್ಟೋಬರ್ 4ರಿಂದ ಬ್ಯಾಂಕುಗಳ ನಡುವೆ ಚೆಕ್ ಇತ್ಯರ್ಥಪಡಿಸುವ ಕ್ಲಿಯರಿಂಗ್ ದಿನವಿಡೀ ನಡೆಯುತ್ತಿದ್ದು, ಬೆಳಿಗ್ಗೆ ಹಾಕಿದ ಚೆಕ್ ಅಂದೇ ಇತ್ಯರ್ಥವಾಗುತ್ತದೆ. ಚೆಕ್ ಹೋಗಿ ಮುಟ್ಟುವಷ್ಟರಲ್ಲಿ ಖಾತೆಗೆ ದುಡ್ಡು ತುಂಬಿಸಿದರಾಯಿತು ಎಂಬ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ. ಚೆಕ್ ಮರಳಿದರೆ ಬ್ಯಾಂಕ್ ನಮಗೆ ಹಾಕುವ ಶುಲ್ಕವನ್ನಷ್ಟೇ ಮುಂದಿನ ಬಿಲ್ಲಿಗೆ ಸೇರಿಸುತ್ತೇವೆ.

ಚಿಲ್ಲರೆ ನೋಟುಗಳಿಗೂ ಒಂದು ದಾರಿ ಕಂಡುಕೊಂಡಿದ್ದೇವೆ. ಬ್ಯಾಂಕಿಗೆ ಬೇಡವಾದ ಹತ್ತು, ಇಪ್ಪತ್ತರ ಕಂತೆಗಳಿಗಾಗಿಯೇ ತಮ್ಮಲ್ಲಿ ಅನೇಕರು ಪರದಾಡುತ್ತೀರಿ. ಲೈನಿನ ಹಿಂದಿನ ದಿನ ತಿಳಿಸಿದರೆ ಬೇಕಾದಷ್ಟು ಚಿಲ್ಲರೆಯನ್ನು ಹಪ್ಪಳದ ಜೊತೆಗೇ ಕಳಿಸುತ್ತೇವೆ, ಕಮಿಷನ್ ಏನೂ ಇಲ್ಲ. ಎಣ್ಣೆ ಹತ್ತಿದ ನೋಟನ್ನು ನಾವೇ ಬೇರ್ಪಡಿಸಿರುತ್ತೇವೆ.

ಹಳೆಯ ಖಾತೆ ಜೂನ್ 30ರವರೆಗೆ ಜಮಾಕ್ಕೆ ಮಾತ್ರ ತೆರೆದಿರುತ್ತದೆ. ಅದರೊಳಗೆ ಅಲ್ಲಿಗೆ ಬಂದ ಹಣವನ್ನೂ ಎಂದಿನಂತೆ ತಮ್ಮ ಬಾಕಿಗೆ ಜಮಾ ಮಾಡುತ್ತೇವೆ. ಮಳೆಗಾಲದ ಮುಂಗಡ ಕೊಟ್ಟಿರುವವರು ಮತ್ತೆ ಏನನ್ನೂ ಮಾಡಬೇಕಾಗಿಲ್ಲ, ರಸೀದಿ ಇಟ್ಟುಕೊಂಡರೆ ಸಾಕು. ಹಲಸಿನ ಹಪ್ಪಳದ ಬೇಡಿಕೆಯನ್ನು ಏಪ್ರಿಲ್ 20ರೊಳಗೆ ತಿಳಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ
(ಆಡಳಿತ ಮಂಡಳಿಯ ಪರವಾಗಿ)