ಯಾರನ್ನು ನೋಡಿ ನಗಲಿ ಅಂತ ಕೇಳಿದ ಪುಟ್ಟಿಗೆ

ಮೈಸೂರು

ಚಿರಂಜೀವಿ ಪುಟ್ಟಿಗೆ ಅತ್ತೆಯ ಆಶೀರ್ವಾದ.

ನಿನ್ನ ಪತ್ರ ಬಂದು ಎಂಟು ದಿನ ಆಯಿತು. ಕಾಲೇಜು, ಫೀಸು, ನಿಮ್ಮಪ್ಪನ ಮುನಿಸು, ಇವೆಲ್ಲ ಮನೆಯವರಿಗೆಲ್ಲ ಗೊತ್ತಿರುವ ಕತೆ. ಆದರೆ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಮಸ್ಕತ್ತೂ ನನ್ನದಲ್ಲ, ಮೈಸೂರೂ ನನ್ನದಲ್ಲ, ನಾನು ಯಾರನ್ನು ನೋಡಿ ಕಾರ್ಟೂನ್ ಬರೆಯಲಿ" ಅಂತ. ಅದನ್ನು ಓದಿದಾಗಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ.

ನಮ್ಮ ಮೈಸೂರಿನ ಕಾರ್ಟೂನಿಸ್ಟ್ ಆರ್.ಕೆ. ಲಕ್ಷ್ಮಣ್ ಅವರನ್ನು ಮುಂಬೈಯಲ್ಲಿ ಆರ್ಟ್ ಸ್ಕೂಲಿಗೆ ಸೇರಿಸಿಕೊಳ್ಳದ ಕತೆಯನ್ನು ನಿಮ್ಮಪ್ಪ ನೂರು ಸಲ ಹೇಳಿರುತ್ತಾನೆ. ಅದು ಬೇಡ. ಅವರಿಗೆ ಊರಾದರೂ ಇತ್ತು.

ನೀನು ಬಿಟ್ಟು ಹೋದ ಆಸ್ಟರಿಕ್ಸ್ ಕಾಮಿಕ್ಸ್ ಪುಸ್ತಕಗಳನ್ನು ಬೀರುವಿನಿಂದ ತೆಗೆದೆ. ಇಷ್ಟು ದಿನ ಚಿತ್ರ ಮಾತ್ರ ನೋಡುತ್ತಿದ್ದೆ, ಡ್ರಾಯಿಂಗ್ ಟೀಚರ್ ಚಾಳಿ. ಈ ಸಲ ಕತೆ ಬರೆದವನು ಯಾರು ಅಂತ ಹುಡುಕಿ ಓದಿದೆ. ರೆನೆ ಗೊಸಿನಿ. ಹುಟ್ಟಿದ್ದು 1926ರಲ್ಲಿ, ಪ್ಯಾರಿಸ್ಸಿನಲ್ಲಿ. ಎರಡು ವರ್ಷದ ಮಗುವಿದ್ದಾಗ ಅಪ್ಪನ ಕೆಲಸಕ್ಕೋಸ್ಕರ ಮನೆಮಂದಿಯೆಲ್ಲ ಅರ್ಜೆಂಟೀನಾಕ್ಕೆ ಹೋದರು. ಬೆಳೆದದ್ದು ಬ್ಯೂನಸ್ ಐರಿಸ್ಸಿನಲ್ಲಿ. ಸ್ಕೂಲಿನಲ್ಲಿ ಫ್ರೆಂಚ್, ಬೀದಿಗೆ ಬಂದರೆ ಸ್ಪ್ಯಾನಿಷ್. ಅಪ್ಪ ಅಮ್ಮ ಪೂರ್ವ ಯುರೋಪಿನ ಯೆಹೂದಿಗಳು. ಫ್ರಾನ್ಸ್ ಅಂದರೆ ರಜೆಗೆ ಹಡಗು ಹತ್ತಿ ಹೋಗುವ ಜಾಗ. ನಿನಗೆ ಮೈಸೂರು ಹೇಗೋ ಹಾಗೆ, ಅಲ್ವಾ?

ಹದಿನೇಳಕ್ಕೆ ಅಪ್ಪ ತೀರಿಕೊಂಡರು. ಹುಡುಗ ಟಯರ್ ಕಾರ್ಖಾನೆಯಲ್ಲಿ ಲೆಕ್ಕ ಬರೆಯಲು ಕೂತ. 1945ರಲ್ಲಿ ಅಮ್ಮನ ಜೊತೆ ನ್ಯೂಯಾರ್ಕ್. ಚಿತ್ರ ಬರೆದು ಬದುಕಬೇಕು ಅಂತ ಆಸೆ, ಆದರೆ ಕೈಗೆ ಕೆಲಸ ಹತ್ತಲಿಲ್ಲ. ಕೊನೆಗೆ ಹೆಸರು ಬಂದದ್ದು ಕತೆ ಬರೆದು. 1959ರಲ್ಲಿ ಆಸ್ಟರಿಕ್ಸ್ ಶುರುವಾಯಿತು. ಚಿತ್ರ ಬರೆದ ಉಡೆರ್ಜೊ ಇಟಲಿಯಿಂದ ವಲಸೆ ಬಂದವರ ಮಗ. ಮೇಲಾಗಿ ಅವನಿಗೆ ಬಣ್ಣಗಳು ಸರಿಯಾಗಿ ಗೊತ್ತಾಗುತ್ತಿರಲಿಲ್ಲ! (ನಾನಾಗಿದ್ದರೆ ಲೋಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಯಲ್ಲೇ ಅವನನ್ನು ಫೇಲ್ ಮಾಡಿರುತ್ತಿದ್ದೆ.) ಫ್ರಾನ್ಸಿನವರು ನಮ್ಮದೇ ಅಂತ ಅಪ್ಪಿಕೊಂಡ ಆ ಆಸ್ಟರಿಕ್ಸನ ಹಳ್ಳಿಯನ್ನು ಕಟ್ಟಿದವರು ಇವರಿಬ್ಬರು.

ನಿನ್ನ ಭಯಕ್ಕೆ ಇದು ಉತ್ತರ ಅಂತ ನಾನು ಹೇಳುತ್ತಿಲ್ಲ. ಯಾರೋ ಒಬ್ಬನಿಗೆ ಆಯಿತು ಅಂತ ನಿನಗೂ ಆಗಬೇಕು ಅಂತೇನಿಲ್ಲ. ಆದರೂ "ಯಾರನ್ನು ನೋಡಿ" ಅಂತ ಕೇಳಿದೆಯಲ್ಲ, ಅದು ತಲೆಯಿಂದ ಹೋಗುತ್ತಿಲ್ಲ.

ನಾನೂ ಹತ್ತು ವರ್ಷದವರೆಗೆ ಪುಣೆಯಲ್ಲಿ ಬೆಳೆದವಳು. ನಿಮ್ಮಪ್ಪ ಆಗಿನ್ನೂ ಕೈಗೂಸು, ಅವನಿಗೆ ನೆನಪಿಲ್ಲ. ಮೈಸೂರಿಗೆ ಬಂದ ಮೊದಲ ದಿನ ಕ್ಲಾಸಿನಲ್ಲಿ ಸ್ಲೇಟಿಗೆ "ಪಾಟಿ" ಅಂದೆ. ಹುಡುಗಿಯರು ಬಿದ್ದು ಬಿದ್ದು ನಕ್ಕರು. ಆಗ ನನಗೆ ಅವರದೆಲ್ಲ ವಿಚಿತ್ರವಾಗಿ ಕಾಣುತ್ತಿತ್ತು. ಟೀಚರ್ ಸೆರಗು ಸಿಕ್ಕಿಸುವ ರೀತಿ, ಸಾಲಿನಲ್ಲಿ ನಿಂತು ಕೆಮ್ಮುವ ರೀತಿ, ಎಲ್ಲ. ಎರಡು ತಿಂಗಳಲ್ಲಿ ಅವರ ಹಾಗೇ ಮಾತು ಕಲಿತೆ. ಆಮೇಲೆ ಯಾವುದೂ ವಿಚಿತ್ರವಾಗಿ ಕಾಣಲಿಲ್ಲ. ಸೇಬು, ಹೂಜಿ, ನೆರಳು ಹೇಳಿಕೊಡುತ್ತಾ ಮೂವತ್ತು ವರ್ಷ ಕಳೆದೆ.

ಇನ್ನೊಂದು ತಪ್ಪು ಒಪ್ಪಿಕೊಳ್ಳಬೇಕು. ನಿನಗೆ ಆಗ ಎಂಟು ವರ್ಷ. ತಾತ ಗೊರಕೆ ಹೊಡೆಯುವುದನ್ನು ನೀನು ಬರೆದಿದ್ದೆ. ಮೂಗು ಬಾಗಿಲವರೆಗೂ ಹೋಗಿತ್ತು. ನಾನು ರಬ್ಬರ್ ತಗೊಂಡು ಉಜ್ಜಿ "ಮೂಗು ಇಷ್ಟುದ್ದ ಇರಲ್ಲ ಪುಟ್ಟಿ" ಅಂತ ತಿದ್ದಿದೆ. ನೀನು ಅಳಲಿಲ್ಲ. ಸುಮ್ನೆ ಎದ್ದು ಹೋದೆ. ಈ ಊರು ನನ್ನದಲ್ಲ ಅನ್ನುವುದನ್ನು ನಿನ್ನ ತಲೆಗೆ ಮೊದಲು ಹಾಕಿದವಳು ನಾನೇನೋ ಅಂತ ಅನಿಸುತ್ತದೆ.

ಏನು ಮಾಡು ಅಂತ ಹೇಳಲು ನನಗೆ ಜಾಸ್ತಿ ಗೊತ್ತಿಲ್ಲ. ನಿಮ್ಮ ಮಸ್ಕತ್ತಿನಲ್ಲಿ ಕಾರಿನಲ್ಲೇ ಕೂತು ಹಾರ್ನ್ ಹೊಡೆದರೆ ಮಲಯಾಳಿ ಹುಡುಗ ಓಡಿ ಬಂದು ಚಹಾ ಕೊಡುತ್ತಾನೆ ಅಂದಿದ್ದೆಯಲ್ಲ, ಅವನನ್ನು ಬರೆದು ಕಳಿಸು. ನಾನಂತೂ ಅಂಥದ್ದು ನೋಡಿಲ್ಲ. ಇಲ್ಲಿನ ಚಿತ್ರಕಲಾ ಕಾಲೇಜು ಕಾವಾಕ್ಕೋ ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೋ ಅರ್ಜಿ ಹಾಕುವುದಾದರೆ ಕೈಬೆರಳು ಬರೆಯುವುದನ್ನು ಅಭ್ಯಾಸ ಮಾಡು, ನಿನ್ನದು ಬಾಳೆಕಾಯಿ ಥರ ಬರುತ್ತದೆ. ನೋಡು, ಮತ್ತೆ ತಿದ್ದಿದೆ. ಬಿಡು.

ತಾತನ ಆ ಚಿತ್ರ ಟ್ರಂಕಿನಲ್ಲಿ ಸಿಕ್ಕಿತು. ಇದರ ಜೊತೆ ಇಟ್ಟಿದ್ದೇನೆ. ಹಳೆಯ ಮೂಗಿನ ಗೀಟು ಇನ್ನೂ ಸ್ವಲ್ಪ ಕಾಣುತ್ತದೆ. ನಾನು ಉಜ್ಜಿದ ಕಡೆ ಕಾಗದ ತೆಳ್ಳಗಾಗಿದೆ, ಇಂಕ್ ಹಾಕಿದರೆ ಹರಡೀತು. ಪೆನ್ಸಿಲ್ಲಿನಲ್ಲೇ ಎಳಿ.

ಇಂತಿ,
ಅತ್ತೆ