ಹೆಸರು ಹೇಳದೆ ಹೋದ ನಿಮಗೆ

ರಾಸಾಯನಿಕದ ಸುರಕ್ಷತಾ ಹಾಳೆಯ 10ನೇ ಭಾಗವನ್ನು ಇಂಗ್ಲಿಷಿನಿಂದ ಫ್ರೆಂಚಿಗೆ ತರುವಾಗ ಕೈಹಿಡಿದ ನಿಮಗೆ ತುಂಬಾ ಥ್ಯಾಂಕ್ಸ್. ಯಾವುದರ ಜೊತೆ ಯಾವುದು ಸೇರಿದರೆ ಅಪಾಯ ಅಂತ ಹೇಳುವ ಭಾಗ ಅದು.

ನೀವು ಬರೀ ಪದ ಕೊಟ್ಟು ಸುಮ್ಮನಾಗಲಿಲ್ಲ. ರಾಸಾಯನಿಕಗಳ ವರ್ಗೀಕರಣ, ಲೇಬಲ್ಲಿನ ಬಗ್ಗೆ ಇರುವ ಯುರೋಪಿನ 1272/2008 ನಿಯಮದಲ್ಲಿ ಎಚ್ಚರಿಕೆಯ ವಾಕ್ಯಗಳು ಎರಡೂ ಭಾಷೆಯಲ್ಲಿ ಸಿದ್ಧವಾಗಿವೆ, ನಾವಾಗಿ ಹೊಸದು ಕಟ್ಟಬಾರದು ಅಂತ ತೋರಿಸಿಕೊಟ್ಟಿರಿ. ನೀರು ತಾಗಿದರೆ ಉಗ್ರವಾಗಿ ಪ್ರತಿಕ್ರಿಯಿಸುತ್ತದೆ ಎನ್ನಲು ಅಲ್ಲಿರುವುದು 'ರೆಯಾಜಿ ವಿಯೊಲಮಾಂ ಓ ಕೊಂತಾಕ್ತ್ ದ ಲೋ'. ಸೋಡಿಯಂ ಡಬ್ಬಿ ತೆರೆಯುವವರಿಗೆ ಹಾಳೆಯಲ್ಲೂ ಲೇಬಲ್ಲಿನಲ್ಲೂ ಅದೇ ಮಾತು ಕಾಣಬೇಕು, ಅಲ್ವಾ? ಅವರ ಕೈ, ಕಣ್ಣಿನ ಪ್ರಶ್ನೆ ಅದು.

ಸಿದ್ಧ ವಾಕ್ಯ ಇಲ್ಲದ ಕಡೆಯೂ ಒಂದೊಂದೇ ಸಾಲು ಕೂತು ನೋಡಿದಿರಿ. ಅಷ್ಟು ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ನಿಮಗೆ ಮನಸಾರೆ ವಂದನೆ.