ಹೇಳಿದೆಯಾ?

ಕಟಪಾಡಿ,
ಆಟಿ ತಿಂಗಳು

ಅಳಿಯಾ,

ನಿನ್ನ ಪತ್ರ ಮೂರು ಸಲ ಓದಿದೆ. ನಾಲ್ಕನೇ ಸಲ ಒಂದೇ ಸಾಲು ಓದಿದೆ. "ಮಿಷಿನ್‌ನಲ್ಲಿ ಹತ್ತು ದಿನದಿಂದ ಗುರ್ ಅಂತ ಏನೋ ಶಬ್ದ ಉಂಟು ಮಾವ, ಯಾರಿಗೂ ಹೇಳಿಲ್ಲ." ಕಂಪ್ಯೂಟರ್ ಹೇಳಿದ ಹಾಗೆ ಲೋಹ ಕತ್ತರಿಸುವ ನಿಮ್ಮ ಸಿಎನ್‌ಸಿ ಮಿಷಿನಿನ ಬಗ್ಗೆ ಇಷ್ಟು ಬರೆದವನು ಮುಂದಿನ ಸಾಲಿನಲ್ಲಿ ಬೈಕಂಪಾಡಿ ಮೆಸ್ಸಿನ ಮೀನು ಸಾರಿಗೆ ಹೋಗಿದ್ದೀಯ. ಸಾರಿನ ಸುದ್ದಿ ನನ್ನ ತಲೆಗೆ ಹತ್ತಲಿಲ್ಲ. ಅಕ್ಕನಿಗೆ ಓದಿ ಹೇಳುವಾಗ ಆ ಸಾಲು ಹಾರಿಸಿಬಿಟ್ಟೆ.

ಯಾಕೆ ಹೇಳಿಲ್ಲ ಅಂತ ಯೋಚಿಸುತ್ತಿದ್ದೆ. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, ಕತ್ತರಿಸುವ ಟೂಲ್ ಒಮ್ಮೆ ಲೋಹದ ತುಂಡು ಹಿಡಿಯುವ ವೈಸಿಗೆ ತಾಗಿತ್ತು ಅಂತ. ಅಲ್ಲಿಗೆ ಗೊತ್ತಾಯಿತು.

ಶಬ್ದದ ಬಗ್ಗೆ ಅರ್ಧ ಸಾಲು ಬರೆದರೆ ನಾನೇನು ಹೇಳಲಿ? ಅದು ಬರುವುದು ಯಾವಾಗ? ಟೂಲ್ ತಿರುಗಿಸುವ ಸ್ಪಿಂಡಲ್ ನಿಲ್ಲಿಸಿ ಎಕ್ಸ್, ವೈ, ಝಡ್ ದಿಕ್ಕು ಒಂದೊಂದರಲ್ಲೇ ಓಡಿಸಿ ನೋಡು. ಆಗ ಬಂದರೆ ಆ ಚಲನೆ ಕೊಡುವ ಬಾಲ್ ಸ್ಕ್ರೂ, ಅದರ ಬೇರಿಂಗ್, ಕಪ್ಲಿಂಗ್ ಕಡೆ ಹುಡುಕಬೇಕು. ಆಮೇಲೆ ಟೇಬಲ್ ನಿಲ್ಲಿಸಿ, ಜಾಬ್, ಅಂದರೆ ಲೋಹದ ತುಂಡು, ಕಟ್ಟದೆ ಸ್ಪಿಂಡಲ್ ಮಾತ್ರ ತಿರುಗಿಸು. ನಿಮಿಷಕ್ಕೆ 500, 1000, 2000 ಸುತ್ತು ಅಂತ ಏರಿಸು. ಆರ್‌ಪಿಎಂ ಏರಿದ ಹಾಗೆ ಶಬ್ದದ ಸ್ವರವೂ ಏರಿದರೆ ಸ್ಪಿಂಡಲ್ ಬೇರಿಂಗೋ, ಬೆಲ್ಟೋ, ಮೋಟರೋ. ಎರಡರಲ್ಲೂ ಇಲ್ಲ, ಕಟಿಂಗ್ ಮಾಡುವಾಗ ಮಾತ್ರ ಉಂಟು ಅಂದರೆ ಅದು ಚಾಟರ್, ಕತ್ತರಿಸುವಾಗ ಟೂಲ್ ನಡುಗುವ ಶಬ್ದ, ಇರಬಹುದು. ಟೂಲ್ ಜಾಸ್ತಿ ಹೊರಗೆ ಚಾಚಿದೆಯಾ, ಅದರ ಅಲಗಿನ ಇನ್ಸರ್ಟ್ ಸವೆದಿದೆಯಾ, ಜಾಬ್ ಸಡಿಲ ಉಂಟಾ ನೋಡು. ಬಾಗಿಲು ಮುಚ್ಚಿಯೇ ಇರಲಿ. ನಾವು ಸ್ಕ್ರೂಡ್ರೈವರಿನ ಹಿಡಿ ಕಿವಿಗಿಟ್ಟು ಕೇಳುತ್ತಿದ್ದೆವು, ನೀನು ಅದೆಲ್ಲ ಮಾಡಬೇಡ.

ಇದನ್ನೆಲ್ಲ ಐಟಿಐಯಲ್ಲೇ ಹೇಳಿರುತ್ತಾರೆ, ಮುದುಕ ಸುಮ್ನೆ ಕೊರೆಯುತ್ತಾನೆ ಅಂತ ನಗಬೇಡ. ನನಗೆ ನಿಮ್ಮ ಸಿಎನ್‌ಸಿ ಅಷ್ಟೊಂದು ಗೊತ್ತಿಲ್ಲ. ಹೇಳದೆ ಕೂತವನ ಪಾಡು ಮಾತ್ರ ಚೆನ್ನಾಗಿ ಗೊತ್ತು.

1991ರಲ್ಲಿ ನಾನೂ ಹೇಳಿರಲಿಲ್ಲ ಮಾರಾಯ. ಮಂಗಳೂರಿನ ಒಂದು ವರ್ಕ್‌ಶಾಪ್. ಕೈಯಲ್ಲಿ ಹ್ಯಾಂಡಲ್ ತಿರುಗಿಸುವ ಹಳೇ ವರ್ಟಿಕಲ್ ಮಿಲ್ಲಿಂಗ್. ಊಟದ ಗಂಟೆ ಹೊಡೆಯುವ ಮೊದಲು ಮುಗಿಸುವ ಅವಸರದಲ್ಲಿ ಕಟರನ್ನು ಕ್ಲಾಂಪಿಗೆ ಬಡಿದೆ. ಒಂದೇ ಏಟು. ಮಾರನೇ ದಿನದಿಂದ ಒಣ ಶಬ್ದ, ಕಲ್ಲಿಗೆ ಗೆರಟೆ ಉಜ್ಜಿದ ಹಾಗೆ. ಏಟು ಬಿದ್ದಾಗ ಬೇರಿಂಗಿನ ಗುಂಡುಗಳು ತಾವು ಉರುಳುವ ರೇಸಿನ ಮೇಲೆ ಸಣ್ಣ ಗುಳಿ ಒತ್ತುತ್ತವೆ, ಕಣ್ಣಿಗೆ ಕಾಣದಂಥದ್ದು. ಆ ಗುಳಿಯ ಮೇಲೆ ಉರುಳಿ ಉರುಳಿ ಲೋಹ ಏಳುತ್ತದೆ, ಚೂರು ಗ್ರೀಸಿಗೆ ಸೇರುತ್ತದೆ, ಬಿಸಿ ಏರುತ್ತದೆ. ಬೇಗ ಬಿಚ್ಚಿದರೆ ಬೇರಿಂಗಿಗೇ ಮುಗಿಯಬಹುದು. ತಡವಾದರೆ ಶಾಫ್ಟಿಗೂ ಪೆಟ್ಟು.

ನಮ್ಮ ಶಾಪಿಗೆ ತಗಡಿನ ಮಾಡು. ಜೋರು ಮಳೆ ಹೊಡೆದರೆ ಆ ಶಬ್ದ ಯಾರಿಗೂ ಕೇಳುತ್ತಿರಲಿಲ್ಲ. ದಿನಾ ಬೆಳಗ್ಗೆ ಎದ್ದು ಮಳೆ ಬರಲಿ ಅಂತ ಕಾಯುತ್ತಿದ್ದೆ. ಮೂರನೇ ವಾರ ರಾತ್ರಿ ಶಿಫ್ಟಿನಲ್ಲಿ ಸ್ಪಿಂಡಲ್ ಜಾಮ್ ಆಯಿತು. ಆಗ ಮಿಷಿನ್ ಮೇಲೆ ಇದ್ದವನು ಬೇರೆಯವನು, ಸುರತ್ಕಲ್ ಕಡೆಯವನು. ಅವನನ್ನೇ ಬೈದರು, ಸಂಬಳ ಹಿಡಿದರು, ತಿಂಗಳೊಳಗೆ ಕಳಿಸಿಬಿಟ್ಟರು. ಬೈಯುವಾಗ ನಾನು ಅಲ್ಲೇ ಕಾಟನ್ ವೇಸ್ಟ್‌ನಲ್ಲಿ ಕೈ ಒರೆಸುತ್ತಾ ನಿಂತಿದ್ದೆ. ಕೈ ಯಾವಾಗಲೋ ಚೊಕ್ಕ ಆಗಿತ್ತು.

ಎಷ್ಟೋ ವರ್ಷ ಕಳೆದು ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ಚಾ ಅವನೇ ಕೊಡಿಸಿದ. ಆಗಲೂ ಹೇಳಲಿಲ್ಲ.

ನಿನ್ನ ಮಿಷಿನಿಗೂ ರಾತ್ರಿ ಶಿಫ್ಟಿನವನು ಒಬ್ಬ ಇರುತ್ತಾನಲ್ವಾ?

ಇನ್ನೊಂದು, ಬೇಕಾದರೆ ಮಾಡು. ಲೂಬ್ ಟ್ಯಾಂಕಿನ ಎಣ್ಣೆ ಎಲ್ಲಿಯವರೆಗೆ ಉಂಟೋ ಅಲ್ಲಿ ಪೆನ್ನಿನಲ್ಲಿ ಗೆರೆ ಎಳೆ. ಮಿಷಿನ್ ವಾರವಿಡೀ ಓಡಿಯೂ ಎಣ್ಣೆ ಇಳಿಯದಿದ್ದರೆ ಉಳಿತಾಯ ಆಯಿತು ಅಂತ ಖುಷಿಪಡಬೇಡ. ಎಲ್ಲೋ ಪೈಪ್ ಕಟ್ಟಿಕೊಂಡು ಸ್ಲೈಡಿಗೂ ಸ್ಕ್ರೂಗೂ ಎಣ್ಣೆ ಹೋಗುತ್ತಿರಲಿಕ್ಕಿಲ್ಲ. ಶಬ್ದ ಅದರಿಂದಲೇ ಇರಬಹುದು, ನಿನ್ನ ಏಟಿನಿಂದ ಅಲ್ಲದೇ ಇರಬಹುದು. ಮುಚ್ಚಿಟ್ಟರೆ ಮಾತ್ರ ಎಲ್ಲವೂ ನಿನ್ನ ತಲೆಗೇ.

ಸೋಮವಾರ ಶಿಫ್ಟ್ ಶುರುವಾಗುವ ಮೊದಲೇ ಸೂಪರ್‌ವೈಸರ್ ಹತ್ತಿರ ಹೋಗು. ತಾಗಿದ್ದು ಯಾವ ದಿನ, ಯಾವ ಟೂಲ್, ಶಬ್ದ ಎಷ್ಟು ಆರ್‌ಪಿಎಂನಲ್ಲಿ, ಚೀಟಿಯಲ್ಲಿ ಬರೆದುಕೊಂಡು ಹೋಗು. ಬೈಯುತ್ತಾರೆ. ಬೈಸಿಕೋ. ಸಂಬಳ ಹಿಡಿದರೆ ನನಗೆ ಹೇಳು, ಅಕ್ಕನಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳೋಣ. ಇಷ್ಟು ಸುಲಭವಾಗಿ ಬರೆಯುತ್ತಿದ್ದೇನೆ, ನನ್ನಿಂದ ಆಗದ ಕೆಲಸ ನಿನಗೆ ಹೇಳುತ್ತಿದ್ದೇನೆ ಅಂತಲೂ ಗೊತ್ತುಂಟು.

ಇಯರ್‌ಪ್ಲಗ್ ಹಾಕುತ್ತೀಯಾ? ನಾವು ಹಾಕಲಿಲ್ಲ. ಈಗ ಸಂಜೆ ಜಗಲಿಯಲ್ಲಿ ಕೂತರೆ ಗದ್ದೆಯ ಕಪ್ಪೆ ಕೇಳುತ್ತದೆ, ಜೀರುಂಡೆ ಕೇಳುವುದಿಲ್ಲ. ಫೋನಿನಲ್ಲಿ ಮಾತು ಅರ್ಧ ತಪ್ಪಿಹೋಗುತ್ತದೆ. ಹಾಗಾಗಿ ಫೋನ್ ಮಾಡಬೇಡ, ಪತ್ರವನ್ನೇ ಹಾಕು. ಹೇಳಿದೆಯಾ ಇಲ್ಲವಾ, ಅದನ್ನು ಮೊದಲ ಸಾಲಿನಲ್ಲಿ ಬರೆ. ಮೀನು ಸಾರು ಆಮೇಲೆ.

ನಿನ್ನ ಮಾವ